ಅಣ್ಣನ ಕಾರಿನಲ್ಲಿ ಎಣ್ಣೆ ಇತ್ತು

ಹಳೆಯ ಅಂಬಾಸಿಡರ್ ಕಾರಿನ ಪೆಟ್ರೋಲ್ ಎಂಜಿನ್ನನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿದರೆ, ಯಾವ ಬೋಲ್ಟು ಎಲ್ಲಿಯದು ಎಂದು ನಾನು ಕೈಯಲ್ಲಿ ಮುಟ್ಟಿಯೇ ಹೇಳಬಲ್ಲೆ. ಬಡಾಯಿ ಅಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಗೊತ್ತಿರುವುದು ಇದೊಂದೇ ವಿದ್ಯೆ, ಅದು ಚೆನ್ನಾಗಿ ಗೊತ್ತು. ಶ್ರೀರಂಗಪಟ್ಟಣದಲ್ಲಿ ಗ್ಯಾರೇಜು ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದು ಬಿಡಿಭಾಗಗಳ ಡಬ್ಬಿಗಳ ಮೇಲೆ. ಕೆಲಸ ಕಲಿಯುವ ಕಾಲದಲ್ಲಿ ಬೇರಿಂಗಿನ ಬೆನ್ನ ಮೇಲೆ ಎಸ್‌.ಟಿ.ಡಿ. ಎಂದು ಒತ್ತಿರುವುದನ್ನು ಕಂಡು, ಫೋನ್ ಬೂತಿನವರು ಇದನ್ನೂ ಮಾಡುತ್ತಾರಾ ಎಂದು ಕೇಳಿ ಇಡೀ ಗ್ಯಾರೇಜನ್ನು ನಗಿಸಿದ್ದೆ. ಅದು ‘ಸ್ಟ್ಯಾಂಡರ್ಡ್’, ಅಂದರೆ ಹೊಸ ಗಾಡಿಯ ಮೂಲ ಅಳತೆ ಎಂದು ಆಮೇಲೆ ತಿಳಿಯಿತು.

ಅಳತೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಏನೆಂದು ತಿಳಿಯುವುದಿಲ್ಲ. ಎಂಜಿನ್ನಿನ ಒಳಗೆ ಕ್ರ್ಯಾಂಕು ಎಂಬ ಉಕ್ಕಿನ ದಂಡ ತಿರುಗುತ್ತದೆ. ನಾಲ್ಕು ರಾಡುಗಳು ಅದನ್ನು ತಬ್ಬಿಕೊಂಡಿರುತ್ತವೆ. ರಾಡಿಗೂ ಕ್ರ್ಯಾಂಕಿಗೂ ನಡುವೆ, ಬಳೆಯನ್ನು ಎರಡು ಹೋಳು ಮಾಡಿದಂತಿರುವ ಬೇರಿಂಗು. ಕ್ರ್ಯಾಂಕು ಸವೆದು ಗೀಚು ಬಿದ್ದರೆ ಲೇತಿನವರು ಅದನ್ನು ತಿರುವಿ ನುಣುಪು ಮಾಡಿಕೊಡುತ್ತಾರೆ. ಅದು ಎಷ್ಟು ತೆಳ್ಳಗಾಯಿತೋ ಬೇರಿಂಗು ಅಷ್ಟು ದಪ್ಪಗಿರಬೇಕು. ಹತ್ತು, ಇಪ್ಪತ್ತು, ಮೂವತ್ತು ಎಂದು ಸೈಜುಗಳಿವೆ. ಇಪ್ಪತ್ತಕ್ಕೆ ತಿರುವಿದ ಕ್ರ್ಯಾಂಕಿಗೆ ಇಪ್ಪತ್ತರ ಬೇರಿಂಗೇ ಆಗಬೇಕು. ಹತ್ತರದು ಹಾಕಿದರೆ ಎರಡು ಮೂರು ಕೂದಲೆಳೆಯಷ್ಟು ಸಡಿಲವಾಗುತ್ತದೆ. ಎಂಜಿನ್ನು ಅಷ್ಟನ್ನೂ ತಡೆಯುವುದಿಲ್ಲ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಅರಕೆರೆಯಲ್ಲಿ ನಮ್ಮದು ನಾಲೆ ನೀರಿನ ಗದ್ದೆ. ಗದ್ದೆಯ ಜೊತೆಗೆ ಅವನು ಬಿಳಿಯ ಅಂಬಾಸಿಡರನ್ನು ಇಟ್ಟುಕೊಂಡು ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ. ಸುತ್ತಮುತ್ತ ಗಂಡು ಕೂರುವ ಕಾರು ಎಂದರೆ ಅವನದೇ. ದಿನಾ ಬೆಳಗ್ಗೆ ಬಾನೆಟ್ಟು ಎತ್ತಿ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಹೆಗಲ ಟವಲಿನ ತುದಿಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದ. “ದೇವ್ರ ದೀಪ ಮರ್ತಾರು, ಆ ಕಡ್ಡಿ ಮರೆಯಾಕಿಲ್ಲ ನಿಮ್ಮಣ್ಣ” ಎಂದು ಅತ್ತಿಗೆ ನನ್ನ ಬಳಿ ಹಾಸ್ಯ ಮಾಡುತ್ತಿದ್ದರು. ಇನ್ನೊಂದು ಎಣ್ಣೆಯನ್ನು, ಬಾಟಲಿಯ ಎಣ್ಣೆಯನ್ನು, ಅವನು ಮೂಸಿಯೂ ನೋಡಿದವನಲ್ಲ. ಬಾಡೂಟಕ್ಕೆ ಹೋದರೂ ಉಂಡು ಕೈ ತೊಳೆದು ನೇರ ಮನೆಗೆ ಬರುತ್ತಿದ್ದ.

ಹನ್ನೆರಡು ವರ್ಷದ ಹಿಂದೆ, ಮದುವೆಗಳ ಕಾಲದಲ್ಲೇ, ಆ ಎಂಜಿನ್ನು ಬಡಿಯತೊಡಗಿತು. ಬಿಚ್ಚಿದೆ. ಕ್ರ್ಯಾಂಕನ್ನು ಇಪ್ಪತ್ತಕ್ಕೆ ತಿರುವಿಸಿಕೊಂಡು ಬಂದೆ. ಆಮೇಲೆ ಬೇರಿಂಗು ಹುಡುಕಲು ಹೊರಟೆ. ನಿಜಕ್ಕೂ ಮಾಡಬೇಕಾದ್ದು ಇದರ ತಲೆಕೆಳಗು: ಬೇರಿಂಗು ಕೈಗೆ ಬಂದ ಮೇಲೆ ಕ್ರ್ಯಾಂಕು ತಿರುವಿಸಬೇಕು. ಇಪ್ಪತ್ತರದು ಮೂರು ರಾಡಿಗೆ ಆಗುವಷ್ಟು ಮಾತ್ರ ಸಿಕ್ಕಿತು. ಇನ್ನೊಂದಕ್ಕೆ ನನ್ನ ಬಳಿ ಇದ್ದದ್ದು ಹತ್ತರದು. ಮಾರನೆಯ ದಿನ ಅಣ್ಣನ ಕಾರು ಹೇಮಗಿರಿ ಕಡೆಯ ಮದುವೆಗೆ ಗೊತ್ತಾಗಿತ್ತು.

“ಆಯ್ತದಾ ಇಲ್ವಾ ಹೇಳ್ಬುಡ್ಲಾ. ಆಗ್ದಿದ್ರೆ ಬ್ಯಾರೆ ಗಾಡಿ ಹೇಳ್ತೀನಿ” ಎಂದ ಅಣ್ಣ.

ಆಗುವುದಿಲ್ಲ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಅಲ್ಲಿಯವರೆಗೆ ಯಾವ ಗಾಡಿಗೂ ನಾನು ಆ ಮಾತು ಆಡಿರಲಿಲ್ಲ. ಗ್ಯಾರೇಜಿನ ಗೂಡಿನಲ್ಲಿ ನಮ್ಮಪ್ಪನ ಕಾಲದ ನಶ್ಯದ ಡಬ್ಬಿಯೊಂದರಲ್ಲಿ ಸಣ್ಣ ಸ್ಕ್ರೂ ಹಾಕಿಟ್ಟಿದ್ದೆ. ಸ್ಕ್ರೂ ಸುರಿದು, ಡಬ್ಬಿಯ ತಗಡನ್ನು ಪಟ್ಟಿಯಂತೆ ಕತ್ತರಿಸಿ, ಬಗ್ಗಿಸಿ, ಹತ್ತರ ಬೇರಿಂಗಿನ ಬೆನ್ನಿಗೆ ಕೊಟ್ಟು ಮೂರನೆಯ ರಾಡಿನಲ್ಲಿ ಕೂರಿಸಿಬಿಟ್ಟೆ. ಸ್ಟಾರ್ಟ್ ಮಾಡಿದಾಗ ಬಡಿತವೇ ಇರಲಿಲ್ಲ. ಅಣ್ಣ ನನ್ನ ಬೆನ್ನು ತಟ್ಟಿದ.

ಮದುವೆ ಮುಗಿದು ಗಂಡು ಹೆಣ್ಣನ್ನು ಕೂರಿಸಿಕೊಂಡು ಬರುವಾಗ, ಹೇಮಗಿರಿಗೂ ಕೆ.ಆರ್. ಪೇಟೆಗೂ ನಡುವೆ ಕಾರು ನಿಂತಿತು. ಅಣ್ಣ ಫೋನ್ ಮಾಡಿದ. ನಾನು ಬೈಕಿನಲ್ಲಿ ಹೋಗಿ ತಲುಪುವಷ್ಟರಲ್ಲಿ ಒಂದೂವರೆ ಗಂಟೆ ದಾಟಿತ್ತು. ಬಾಸಿಂಗ ಕಟ್ಟಿದ ಗಂಡು ಹೆಣ್ಣನ್ನು ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂರಿಸಿ ಕಳಿಸಿದ್ದರಂತೆ. ಬೈಯುವುದಕ್ಕೆಂದೇ ಗಂಡಿನ ಸೋದರಮಾವ ಉಳಿದುಕೊಂಡಿದ್ದರು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮಣ್ಣು. ರಸ್ತೆಗೆ ಚೆಲ್ಲಿದ ಎಣ್ಣೆಯಲ್ಲಿ ಬೈಕಿನವರು ಜಾರಬಾರದೆಂದು ಗದ್ದೆ ಕೆಲಸದವರು ಯಾರೋ ಬದುವಿನ ಮಣ್ಣು ತಂದು ಎರಚಿದ್ದರು. ಆ ಮಣ್ಣಿನ ಪಟ್ಟೆ ಹತ್ತು ಮಾರಿಗೂ ಉದ್ದವಿತ್ತು. ಅಷ್ಟು ದೂರ ಚೆಲ್ಲಬೇಕಾದರೆ ಚೇಂಬರಿನ ತುಂಬ, ಅಂದರೆ ಎಂಜಿನ್ನಿನ ಅಡಿಯ ತೊಟ್ಟಿಯ ತುಂಬ, ಎಣ್ಣೆ ಇದ್ದಿರಲೇಬೇಕು. ಮದುವೆಯವರನ್ನು ಸಾಗಹಾಕುವ ಗಲಾಟೆಯಲ್ಲಿದ್ದ ಅಣ್ಣ ಅದನ್ನು ಗಮನಿಸಿರಲಿಲ್ಲ. ನಾನು ಕಾರಿನ ಅಡಿಗೆ ತೂರಿ ನೋಡಿದೆ. ಮೂರನೆಯ ರಾಡು ಮುರಿದು, ಚೇಂಬರನ್ನು ಒಡೆದುಕೊಂಡು ಹೊರಗೆ ಇಣುಕುತ್ತಿತ್ತು. ತಗಡು ಜರುಗಿದೆ, ಬೇರಿಂಗು ತಿರುಗಿ ಹಿಡಿದುಕೊಂಡಿದೆ. ತಿಳಿಯಲು ಅರ್ಧ ನಿಮಿಷ ಸಾಕಾಯಿತು.

“ಏನಾಗದ್ಲಾ?” ಎಂದ ಅಣ್ಣ.

“ಎಣ್ಣೆ ಇಲ್ಲ ಕಣಣ್ಣ.”

ಆ ಗಳಿಗೆಗೆ ಅದು ನಿಜವೇ. ಒಂದು ತೊಟ್ಟೂ ಉಳಿದಿರಲಿಲ್ಲ.

“ಬೆಳಗ್ಗೆ ನೋಡಿದ್ನಲ್ಲ. ಮಾರ್ಕ್‌ಗಂಟ ಇತ್ತು.”

“ಮದ್ವೆ ಗಡಿಬಿಡೀಲಿ ನೋಡ್ದೆ ಅಂತ ಅನ್ಕಂಡಿದ್ದೀಯ ಅಷ್ಟೆ. ಎಣ್ಣೆ ಇಲ್ದೆ ರಾಡು ಮುರಿದು ಚೇಂಬರ್‌ಗೆ ಬಡ್ದದೆ.”

ಅಣ್ಣ ಕಾರನ್ನೇ ನೋಡುತ್ತ ನಿಂತ. “ಇರ್ಬೋದೇನೋ” ಎಂದ. ಕಾರಿನ ವಿಷಯದಲ್ಲಿ ಅವನ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಸೋದರಮಾವ ಹತ್ತಿರ ಬಂದು, ಅಣ್ಣನನ್ನು ಬಿಟ್ಟು ನನ್ನನ್ನು ಕೇಳಿದರು. “ಏನಂತಪ್ಪ? ಯಾತರಿಂದ ಆಗಿದ್ದು?”

“ಎಣ್ಣೆಯಿಂದ ಆಗಿದ್ದು, ಸ್ವಾಮಿ” ಎಂದೆ.

ಅವರು ಅಣ್ಣನ ಮುಖ ನೋಡಿದರು. ಎರಡು ದಿನ ನಿದ್ದೆಗೆಟ್ಟು ಅವನ ಕಣ್ಣು ಕೆಂಪಗಿತ್ತು. “ಅಂಗನ್ನು. ನಂಗೂ ಅನ್ಮಾನ ಇತ್ತು” ಎಂದರು. ಅವರು ಯಾವ ಎಣ್ಣೆ ಎಂದುಕೊಂಡರು ಎಂಬುದು ನನಗೆ ತಕ್ಷಣ ತಿಳಿಯಿತು. ತಿದ್ದಬಹುದಿತ್ತು. ಆದರೆ ಯಾವ ಎಣ್ಣೆ ಎಂದು ಹೇಳಹೊರಟರೆ, ಎಷ್ಟಿತ್ತು, ಎಲ್ಲಿ ಹೋಯಿತು, ಈ ಮಣ್ಣು ಯಾಕೆ ಎಂದು ಮಾತು ಬೆಳೆಯುತ್ತಿತ್ತು. ನಾನು ಸ್ಪ್ಯಾನರುಗಳನ್ನು ಬ್ಯಾಗಿಗೆ ತುಂಬತೊಡಗಿದೆ.

ಕಾರಿಗಿಂತ ಮೊದಲೇ ಮಾತು ಅರಕೆರೆ ತಲುಪಿತು. ಟೀ ಅಂಗಡಿಯಲ್ಲಿ ಒಬ್ಬ, “ಗಾಡಿಗ್ ಹಾಕೋ ಎಣ್ಣೇನ ಡ್ರೈವರ್ರೇ ಹಾಕ್ಕಂಡವ್ನಂತೆ ಕಣ್ಲಾ” ಎಂದ. ಇನ್ನೊಬ್ಬ, “ಅದ್ಕೇ ಗಾಡಿ ಬಾಯಾರ್ಕಂಡು ನಿಂತ್ಕತು” ಎಂದ. ಎಲ್ಲರೂ ನಕ್ಕರು. ನಾನೂ ಅಲ್ಲೇ ಇದ್ದೆ, ಕೈಯಲ್ಲಿ ಟೀ ಇತ್ತು. ಒಂದು ವಾರದಲ್ಲಿ ಅಣ್ಣನಿಗೆ ‘ಎಣ್ಣೆ ಡ್ರೈವರ್’ ಎಂಬ ಹೆಸರು ನಿಂತಿತು. ಮದುವೆ ಮನೆಯವರು ಬೇರೆ ಕಾರು ಹುಡುಕಿಕೊಂಡರು. ಅಣ್ಣ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಕಾರನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಿ ಟಾರ್ಪಾಲು ಮುಚ್ಚಿದ. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಅವನು ಡೈರಿಯಲ್ಲಿ ಹಾಲು ಅಳೆಯುವ ಕೆಲಸಕ್ಕೆ ಸೇರಿಕೊಂಡ.

ಹೆಸರು ಹೋದದ್ದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅದನ್ನು ನನಗೆ ಹೇಳಿದವರು ಅತ್ತಿಗೆ. “ನಿಮ್ಮಣ್ಣ ಬೀಗ ಹಾಕಿ ಬೀದಿಗಂಟ ಹೋಗಿ ವಾಪಸ್ ಬಂದು ಬೀಗ ಎಳ್ದು ನೋಡ್ತರೆ. ಗ್ಯಾಸ್ ಆರ್ಸಿದ್ನ ಎಲ್ಡೆಲ್ಡು ಸಲ ನೋಡ್ತರೆ. ಯಾಕಿಂಗಾಡೀರಿ ಅಂದ್ರೆ, ನನ್ ಕಣ್ಣ ನಾನೇ ನಂಬಂಗಿಲ್ಲ ಅಂತರೆ.” ಡೈರಿಯಲ್ಲಿ ಅವನು ಪ್ರತಿಯೊಬ್ಬರ ಹಾಲನ್ನೂ ಎರಡು ಸಲ ಅಳೆಯುತ್ತಿದ್ದ. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಅವನ ಕಣ್ಣು ಸರಿಯಾಗಿಯೇ ನೋಡಿತ್ತು. ಅದು ಗೊತ್ತಿದ್ದವನು ನಾನೊಬ್ಬನೇ. ಹನ್ನೊಂದು ವರ್ಷ ಸುಮ್ಮನಿದ್ದೆ.

ಹೋದ ವರ್ಷ ಅಣ್ಣ ತಾನಾಗಿಯೇ ಮಾತು ತೆಗೆದ. “ಗಾಡಿ ಎತ್ತವ ಅಂತಿದ್ದೀನಿ ಕಣ್ಲಾ. ಹಳೇ ಅಂಬಾಸಿಡರ್‌ನ ಈಗ ಜನ ಹುಡೀಕಂಡು ಬತ್ತಾವ್ರೆ. ಮೈಸೂರಲ್ಲಿ ಇಂಥವ್ನೇ ರಿಪೇರಿ ಮಾಡೋರು ಅವ್ರಂತೆ, ಎಂಜಿನ್ನು ಅವ್ರತ್ರ ಬಿಚ್ಚಿಸ್ತೀನಿ. ನಿಂಗ್ಯಾಕ್ ತೊಂದ್ರೆ.”

ತಗಡು ಇನ್ನೂ ಆ ಎಂಜಿನ್ನಿನೊಳಗೇ ಇತ್ತು. “ಬ್ಯಾರೆಯೋರ ಕೈಗ್ಯಾಕಣ್ಣ, ನಾನೇ ಮಾಡ್ತೀನಿ” ಎಂದೆ. ತಮ್ಮನ ಪ್ರೀತಿ ಎಂದು ಅವನು ಭಾವಿಸಿದ. ಅದು ಬರೀ ಭಯ.

ಎಂಜಿನ್ನನ್ನು ಗ್ಯಾರೇಜಿಗೆ ತಂದು ಒಬ್ಬನೇ ಬಿಚ್ಚಿದೆ. ತಗಡು ನಲುಗಿ, ಸುಟ್ಟು, ಮುರಿದ ರಾಡಿನ ಗುಳಿಯಲ್ಲಿ ಅಂಟಿಕೊಂಡಿತ್ತು. ಒಂದು ಮೂಲೆಯಲ್ಲಿ ಡಬ್ಬಿಯ ಹಳದಿ ಬಣ್ಣ ಹಾಗೇ ಇತ್ತು. ಅದನ್ನು ಚರಂಡಿಗೆ ಎಸೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಎಸೆಯಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡೆ. ಯಾಕೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಒಂದು ಮಾತ್ರ ತೀರ್ಮಾನ ಮಾಡಿದೆ: ಈ ಸಲ ಈ ಎಂಜಿನ್ನಿಗೆ ಅದರದಲ್ಲದ ಒಂದು ವಾಷರೂ ಹೋಗಕೂಡದು.

ಪಾಂಡವಪುರದ ಲೇತಿನವರು ಕ್ರ್ಯಾಂಕನ್ನು ಅಳೆದು, “ಮೂವತ್ತಕ್ಕೆ ಇಳಿಸುದ್ರೆ ಉಳ್ಕತದೆ. ಮೂವತ್ತರ ಬೇರಿಂಗು ತಂದ್ಯಾ?” ಎಂದರು. ಇಲ್ಲ ಎಂದೆ. “ತತ್ತಾ ಮೊದ್ಲು. ಆಮೇಲೆ ಮುಟ್ತೀನಿ.” ಈ ಮಾತನ್ನು ಹನ್ನೊಂದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಎಂದುಕೊಳ್ಳಬಹುದಿತ್ತು. ಹೇಳಬೇಕಾಗಿರಲಿಲ್ಲ, ನನಗೆ ಆಗಲೂ ಗೊತ್ತಿತ್ತು.

ಬೇಕಾದದ್ದು ಎರಡು: ಮೂವತ್ತರ ಬೇರಿಂಗಿನ ಒಂದು ಪೂರ್ತಿ ಸೆಟ್ಟು, ಮುರಿದದ್ದರ ಬದಲಿಗೆ ಒಂದು ರಾಡು. ಶ್ರೀರಂಗಪಟ್ಟಣದ ಬಿಡಿಭಾಗದ ಅಂಗಡಿಯವರು, “ಅಂಬಾಸಿಡರಾ? ಅರಮನೇಲಿ ಕೇಳು ಹೋಗು” ಎಂದು ನಕ್ಕರು. ಮೊಬೈಲಿನಲ್ಲಿ ತರಿಸಿದೆ. ಡಬ್ಬಿಯ ಮೇಲೆ ಕಾರಿನ ಹೆಸರು ಸರಿಯಾಗಿತ್ತು, ಒಳಗಿದ್ದದ್ದು ಡೀಸೆಲ್ ಎಂಜಿನ್ನಿನದು. ಬೆರಳಲ್ಲಿ ಹಿಡಿದೊಡನೆ ಗೊತ್ತಾಯಿತು, ವಾಪಸು ಕಳಿಸಿದೆ. ಡಬ್ಬಿಯ ಮೇಲಿನ ಬರಹವನ್ನು ನಂಬಿದವರು ಅದನ್ನೇ ಬಡಿದು ಕೂರಿಸುತ್ತಾರೆ. ನಾನು ಅಳತೆಯನ್ನು ನಂಬುವವನು.

ಕೆ.ಆರ್. ಪೇಟೆಯ ಗುಜರಿಯಲ್ಲಿ ರಾಡುಗಳು ರಾಶಿ ಬಿದ್ದಿದ್ದವು. ಅಂಗಡಿಯ ಸಾಹೇಬರು ಒಂದನ್ನು ಎತ್ತಿ ಕೊಟ್ಟು, “ಲೇವ್ ಭಾಯ್, ಒರಿಜಿನಲ್” ಎಂದರು. ರಾಡಿನ ತುದಿಗೆ ಕ್ಯಾಪು ಎಂಬ ಅರ್ಧಚಂದ್ರದಂಥ ತುಂಡು ಬೋಲ್ಟಿನಲ್ಲಿ ಕೂರುತ್ತದೆ. ಎರಡನ್ನೂ ಒಟ್ಟಿಗೆ ಕೊರೆದಿರುತ್ತಾರೆ, ಎರಡರ ಮೇಲೂ ಒಂದೇ ನಂಬರು ಹೊಡೆದಿರುತ್ತಾರೆ. ಇದರಲ್ಲಿ ರಾಡಿನ ಮೇಲೆ ಎರಡು ಇತ್ತು, ಕ್ಯಾಪಿನ ಮೇಲೆ ನಾಲ್ಕು.

“ಇದು ಬೇರೆದು ಸಾಹೇಬ್ರೇ.”

“ಅರೆ, ಕೂತ್ಕೊಳ್ತದಲ್ಲ? ಕೂತ ಮೇಲೆ ನಂಬರ್ ಯಾರು ನೋಡ್ತಾರೆ ಭಾಯ್?”

“ಎಂಜಿನ್ನು ನೋಡ್ತದೆ” ಎಂದೆ. ಅವರು ನಕ್ಕು, ಟೀ ತರಿಸಿ, ನಾಗಮಂಗಲದಲ್ಲಿ ಗ್ಯಾರೇಜು ಮುಚ್ಚಿ ಮನೆಯಲ್ಲಿರುವ ಒಬ್ಬ ಹಳೆಯ ಮೆಕ್ಯಾನಿಕ್ಕಿನ ಗುರುತು ಹೇಳಿದರು. “ಅವನೂ ನಿನ್ನ ಹಂಗೇ ತಲೆ ತಿನ್ನೋನು. ಹೋಗು, ಜೋಡಿ ಸರಿ ಆಗ್ತದೆ.”

ನಾಗಮಂಗಲದ ಆ ಯಜಮಾನರಿಗೆ ಎಪ್ಪತ್ತೈದರ ಮೇಲಾಗಿತ್ತು. ಹಿತ್ತಲ ಕೋಣೆಯಲ್ಲಿ ಸಾಮಾನನ್ನೆಲ್ಲ ದೇವರ ಪಾತ್ರೆಗಳಂತೆ ಒರೆಸಿ ಇಟ್ಟಿದ್ದರು. ಗ್ರೀಸ್ ಕಾಗದದಲ್ಲಿ ಸುತ್ತಿದ ಮೂವತ್ತರ ಸೆಟ್ಟು ಅವರಲ್ಲಿತ್ತು. ಐದು ರಾಡುಗಳಿದ್ದವು, ಒಂದೊಂದಕ್ಕೂ ಅದರದೇ ಕ್ಯಾಪನ್ನು ತಂತಿಯಲ್ಲಿ ಕಟ್ಟಿದ್ದರು. ನಾನು ಒಯ್ದಿದ್ದ ಮೂರು ರಾಡುಗಳಿಗೆ ಸಮತೂಕದ್ದು ಬೇಕೆಂದೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಗೆ ಒಂದೊಂದಾಗಿ ಇಟ್ಟೆವು. ಅಂಗಡಿಯಾಕೆ, “ಇದ್ಯಾವ್ ಸೀಮೆ ಗೆಣಸಪ್ಪ?” ಎಂದರು. ನಾಲ್ಕನೆಯದು ಗ್ರಾಮಿನ ಲೆಕ್ಕದಲ್ಲಿ ಸರಿಹೋಯಿತು.

ಅಳತೆ ಹೋಲಿಸಲು ನನ್ನ ಹಳೆಯ ಬೇರಿಂಗುಗಳನ್ನೂ ಒಯ್ದಿದ್ದೆ. ಯಜಮಾನರು ಅವನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು ನೋಡಿದರು. “ಏನಾಗಿತ್ತು ಇದ್ಕೆ?”

“ಎಣ್ಣೆ ಇಲ್ದೆ ಓಡ್ಸ್‌ಬುಟ್ಟಿದ್ರು” ಎಂದೆ. ಹನ್ನೊಂದು ವರ್ಷದ ರೂಢಿ, ತಾನಾಗಿ ಬಂತು.

“ಯಾವನ್ಲಾ ಅಂಗಂದೋನು? ಎಣ್ಣೆ ಇಲ್ದೆ ಹೋದ್ರೆ ನಾಕೂ ಸುಟ್ಟೋಗವು. ಮೂರು ನೋಡು, ಕನ್ನಡಿ ಇದ್ದಂಗವೆ. ಒಂದೇ ಹೋಗದೆ, ಅದೂ ಬ್ಯಾರೆ ಸೈಜು. ಬೆನ್ನಿಗೆ ಏನೋ ಕೊಟ್ಟವ್ನೆ ಬಡ್ಡೀಮಗ. ಯಾವನು ಮೆಕ್ಯಾನಿಕ್ಕು?”

“ನಾನೇ.”

ಅವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ, “ಗಾಡಿ ಯಾರ್ದು?” ಎಂದರು.

“ನಮ್ಮಣ್ಣಂದು. ಎಣ್ಣೆ ಇರ್ಲಿಲ್ಲ ಅಂತ ಅವನ್ಗೇ ಹೇಳಿವ್ನಿ.”

ನಗು ನಿಂತಿತು. ಬೇರಿಂಗುಗಳನ್ನು ಒಂದೊಂದಾಗಿ ಎತ್ತಿ ನನ್ನ ಚೀಲಕ್ಕೆ ಹಾಕಿದರು. “ಇವ್ನ ಎಸೀಬ್ಯಾಡ” ಎಂದರು. ನನಗೆ ಅರ್ಥವಾಯಿತು. ಓದಲು ಬಲ್ಲವರಿಗೆ ಆ ನಾಲ್ಕು ಬೇರಿಂಗುಗಳಲ್ಲಿ ಎಲ್ಲವೂ ಬರೆದಿತ್ತು. ಓದಲು ಬಾರದಿದ್ದವನು ನಮ್ಮಣ್ಣ, ಅದಕ್ಕೇ ನನ್ನ ಸುಳ್ಳು ಉಳಿದಿತ್ತು.

ಪಾಂಡವಪುರದಲ್ಲಿ ಕ್ರ್ಯಾಂಕು ಮೂವತ್ತಕ್ಕೆ ತಿರುವಿಸಿ ಎಂಜಿನ್ನು ಜೋಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಶುದ್ಧವಾಗಿ ಇನ್ನೊಂದನ್ನು ಜೋಡಿಸಿಲ್ಲ. ಚೇಂಬರು ಮುಚ್ಚುವ ಮೊದಲು ಅಣ್ಣನನ್ನು ಗ್ಯಾರೇಜಿಗೆ ಕರೆಸಿದೆ. ಹಳೆಯ ಬೇರಿಂಗುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ತಗಡಿನ ಚೂರು ಇಟ್ಟು, ಯಜಮಾನರು ಹೇಳಿದಂತೆಯೇ ಓದಿ ಹೇಳಿದೆ. ಆಮೇಲೆ ರಸ್ತೆಯ ಮಣ್ಣಿನ ವಿಷಯ ಹೇಳಿದೆ.

ಅಣ್ಣ ತಗಡನ್ನು ಎತ್ತಿಕೊಂಡ. “ಅಪ್ಪನ ನಶ್ಯದ ಡಬ್ಬೀದಾ?”

“ಊಂ.”

“ಅಂಗಾರೆ ಎಣ್ಣೆ ಇತ್ತು.”

“ಇತ್ತು.”

“ಎಷ್ಟಿತ್ತು?”

“ಮಾರ್ಕ್‌ಗಂಟ. ನೀನ್ ನೋಡಿದ್ದು ನಿಜ.”

ಅವನು ಅಲ್ಲಿದ್ದ ಟೈರಿನ ಮೇಲೆ ಕುಳಿತ. ಹೊಡೆಯುತ್ತಾನೆ ಎಂದು ಕಾದೆ, ಹೊಡೆದಿದ್ದರೆ ಚೆನ್ನಾಗಿತ್ತು. “ನಾನು ನೋಡಿದ್ದೆ” ಎಂದ, ತನಗೆ ತಾನೇ. ಆಮೇಲೆ ಎದ್ದು, “ಸಂಜೆ ಟೀ ಅಂಗಡಿ ತಾವ ಬಾ. ಎಲ್ಲಿ ನಕ್ಕಿದ್ರೋ ಅಲ್ಲೇ ಹೇಳು” ಎಂದ.

ಹೋದೆ. ಡೈರಿಗೆ ಹಾಲು ಹಾಕಿ ಬಂದವರೆಲ್ಲ ಸೇರಿದ್ದರು. ನಿಂತುಕೊಂಡು, ಯಾವುದನ್ನೂ ಬಿಡದೆ ಹೇಳಿದೆ. ಹಿಂದಿನಿಂದ ಒಬ್ಬ, “ಅಂಗಾದ್ರೆ ಅವತ್ತು ಎಣ್ಣೆ ಹಾಕಿದ್ದು ತಮ್ಮನಾ?” ಎಂದ. ಮತ್ತೆ ನಗು ಎದ್ದಿತು.

ಅಣ್ಣ ನಗಲಿಲ್ಲ. “ಇವ್ನು ಕುಡ್ದಿದ್ರೆ ವಾಸಿ ಇತ್ತು ಕಣ್ರಯ್ಯ. ಮಾರ್ನೇ ದಿನ್ಕೆ ಇಳ್ದೋಗದು” ಎಂದ.

ಕೆಲಸವನ್ನು ಅವನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ. “ಶುರು ಮಾಡಿದ್ದೀಯ, ಮುಗ್ಸು” ಎಂದಷ್ಟೇ ಹೇಳಿ ಕಳಿಸಿದ. ಚೇಂಬರು ಹೊಸದು ಹಾಕಿ, ಎಂಜಿನ್ನನ್ನು ಅರಕೆರೆಗೆ ಒಯ್ದು ಕಾರಿನಲ್ಲಿ ಕೂರಿಸಿದೆ. ಅತ್ತಿಗೆ ಕೋಳಿಗಳನ್ನು ಓಡಿಸಿ ಸೀಟು ತೊಳೆದಿದ್ದರು. ಬೆಳಗಿನ ಹಾಲು ಅಳೆದು ಬಂದ ಅಣ್ಣ ಬಾನೆಟ್ಟಿನ ಮುಂದೆ ನಿಂತ. ಕಡ್ಡಿ ಎಳೆದು, ಟವಲಿನ ತುದಿಯಲ್ಲಿ ಒರೆಸಿ, ಅದ್ದಿ, ಬೆಳಕಿಗೆ ಹಿಡಿದು ನೋಡಿದ. ಸೇರಿಸಿದ. ಇನ್ನೊಂದು ಸಲ ಎಳೆಯುತ್ತಾನೆ ಎಂದು ನಾನೂ ಅತ್ತಿಗೆಯೂ ಕಾದೆವು. ಅವನು ಬಾನೆಟ್ಟು ಮುಚ್ಚಿದ.

ಮೊದಲ ಓಟಕ್ಕೆ ಮೆಕ್ಯಾನಿಕ್ಕು ಪಕ್ಕದಲ್ಲಿ ಕೂರುವುದು ರೂಢಿ. ನಾನು ಎಡಗಡೆಯ ಬಾಗಿಲಿಗೆ ಕೈ ಹಾಕಿದೆ.

“ನೀನು ಇಲ್ಲೇ ಇರು” ಎಂದ.

ಇದ್ದೆ. ಕಾರು ಬೀದಿ ದಾಟಿ ನಾಲೆಯ ಏರಿ ಹತ್ತಿತು. ತಿರುವಿನಲ್ಲಿ ಅವನು ಗೇರು ಬದಲಿಸಿದ್ದು ಕೇಳಿಸಿತು. ಅಲ್ಲಿಂದ ಮುಂದೆ ಕಾಣಲಿಲ್ಲ, ಶಬ್ದ ಮಾತ್ರ ಬರುತ್ತಿತ್ತು. ನಾಲ್ಕು ರಾಡೂ ಒಂದೇ ಹದದಲ್ಲಿ ನಡೆಯುತ್ತಿದ್ದವು. ಆ ಶಬ್ದದಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗುವುದಿಲ್ಲ.